ಸಹಾಯ ಬೇಕು: ಕ್ಯಾಪ್ ಎಂಬ್ರಾಯ್ಡರಿಗೆ ಯಾವ ಮೆಷಿನ್ ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ್ರೀ. ಬಳ್ಳಾರಿಯಲ್ಲಿ ಜೀನ್ಸ್ ಜಾಬ್‌ವರ್ಕ್ ಮಾಡ್ತೀವಿ. ಪ್ಯಾಂಟ್ ಜೇಬಿನ ಡಿಸೈನ್‌ಗೆ ಒಂದು ಫ್ಲಾಟ್‌ಬೆಡ್ (ಬಟ್ಟೆನ ಚಪ್ಪಟೆಯಾಗಿ ಹಾಸಿ ಹೊಲಿಯೋ) ಎಂಬ್ರಾಯ್ಡರಿ ಮೆಷಿನ್ ಇದೆ. ಈಗ ಕ್ರಿಕೆಟ್ ಟೀಮಿನವರು, ಶಾಲೆಯವರು ಕ್ಯಾಪ್ ಮೇಲೆ ಲೋಗೋ ಕೇಳ್ತಿದ್ದಾರೆ.

ಹೊಲಿದು ಮುಗಿದ ಕ್ಯಾಪನ್ನ ಚಪ್ಪಟೆ ಮಾಡಿ ಫ್ಲಾಟ್‌ಬೆಡ್‌ನಲ್ಲೇ ಹಾಕಿ ನೋಡಿದೆ. ಅಕ್ಷರ ಸೊಟ್ಟಗಾದವು. ಆರು ಪ್ಯಾನೆಲ್ ಕ್ಯಾಪಿನ ನಡು ಹೊಲಿಗೆ ದಪ್ಪ ನೋಡ್ರಿ, ಅಲ್ಲಿ ಬಂದಾಗ ಎರಡು ಸೂಜಿ ಮುರಿದವು. 75/11 ಸೈಜಿನ ಶಾರ್ಪ್ (ಚೂಪು ಮೊನೆಯ) ಸೂಜಿ ಹಾಕಿ, ಸ್ಪೀಡ್ ಇಳಿಸಿ, ನಡುವಿನಿಂದ ಹೊರಕ್ಕೆ, ಕೆಳಗಿನಿಂದ ಮೇಲಕ್ಕೆ ಹೊಲಿಯೋ ಹಾಗೆ ಡಿಸೈನನ್ನ ಡಿಜಿಟೈಸ್ (ಮೆಷಿನ್ ಓದೋ ಹೊಲಿಗೆ ಫೈಲ್) ಮಾಡಿಸಿದ ಮೇಲೆ ಸ್ವಲ್ಪ ಸುಧಾರಿಸಿತು. ಆದ್ರೂ ಗಿರಾಕಿ ಕೈಗೆ ಕೊಡೋ ಹಾಗಿಲ್ಲ. ಕಿರಿದಾದ ತೋಳಿನ ಮೆಷಿನ್, ತಿರುಗೋ ಕ್ಯಾಪ್ ಫ್ರೇಮ್ ಇಲ್ಲದೆ ಆಗಲ್ಲ ಅನ್ನಿಸ್ತಿದೆ.

ನನ್ನ ಗೊಂದಲ ಇದು: ಬ್ರದರ್‌ನ 6 ಸೂಜಿ ಮೆಷಿನ್ ಸಾಕಾ, ಇಲ್ಲ 15 ಸೂಜಿಯ ಸಿಂಗಲ್ ಹೆಡ್ (ಒಂದು ಸಲಕ್ಕೆ ಒಂದೇ ಕ್ಯಾಪ್ ಹೊಲಿಯೋ) ಮೆಷಿನ್‌ಗೇ ಹೋಗಬೇಕಾ? ದಿನಕ್ಕೆ 40–50 ಕ್ಯಾಪ್ ಕೆಲಸ. ಕಿವಿಯ ಪಕ್ಕದವರೆಗೂ ಹೊಲಿಯೋಕೆ 270 ಡಿಗ್ರಿ ಫ್ರೇಮ್ ಬೇಕು. ಕರೆಂಟ್ ಹೋಗಿ ಬಂದಾಗ ನಿಂತಲ್ಲಿಂದಲೇ ಶುರುವಾಗಬೇಕು, ಇದು ನನಗೆ ಬಹಳ ಮುಖ್ಯ.

ಬಳ್ಳಾರಿ, ಹೊಸಪೇಟೆ, ಕೊಪ್ಪಳ ಕಡೆ ಯಾರಾದ್ರೂ ಕ್ಯಾಪ್ ಕೆಲಸ ಮಾಡ್ತಿದ್ರೆ, ಒಂದು ದಿನ ಬಂದು ನೋಡೋಕೆ ಬಿಡ್ತೀರಾ? ನನ್ನ ಕ್ಯಾಪ್, ದಾರ ನಾನೇ ತರ್ತೀನಿ.