ರಿವೈಸ್ಡ್ ಅಂಡರ್‌ಗ್ರೌಂಡ್ ಸೀ: 4800 ಡಿಪಿಐನಲ್ಲೂ ರೋಸೆಟ್ ಕಾಣ್ತಿಲ್ಲ, ನಕಲಿಯಾ?

ಬಿಳಿಅಂಚು: ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ಮ್ಯಾಜಿಕ್ ಕಾರ್ಡ್ ಆಟದ ರಿವೈಸ್ಡ್ ಆವೃತ್ತಿಯ (1994) ಅಂಡರ್‌ಗ್ರೌಂಡ್ ಸೀ ಕಾರ್ಡ್. 4800 ಡಿಪಿಐಗೆ ಸ್ಕ್ಯಾನ್ ಮಾಡಿದ್ರೂ ರೋಸೆಟ್, ಅಂದ್ರೆ ಅಸಲಿ ಮುದ್ರಣದಲ್ಲಿ ಹೂವಿನ ಹಾಗೆ ಜೋಡಿಸಿರೋ ಬಣ್ಣದ ಚುಕ್ಕೆ, ಇಲ್ಲ, ಬರೀ ಮಬ್ಬು, ಮೇಲೆ ಕಾಮನಬಿಲ್ಲಿನಂಥ ಉಂಗುರ. ಬಣ್ಣವೂ ಪೇಲವ. ವಾಪಸ್ ಕಳಿಸೋಕೆ ಶುಕ್ರವಾರ ಕಡೇ ದಿನ.

ಡೆಕ್‌ರಾಯ: ಪೇಲವ ಅಂದ್ಮೇಲೆ ಇಂಕ್‌ಜೆಟ್ ನಕಲಿ. ಕಳಿಸಿಬಿಡಿ.

ರೋಸೆಟ್: ರಿವೈಸ್ಡ್ ಬಣ್ಣ ಇರೋದೇ ಪೇಲವ. ಇಂಕ್‌ಜೆಟ್ ಆಗಿದ್ರೆ ಚುಕ್ಕೆ ಚೆಲ್ಲಾಪಿಲ್ಲಿ ಕಾಣ್ಬೇಕಿತ್ತು, ಮಬ್ಬಲ್ಲ. ಸ್ಕ್ಯಾನರ್‌ನ ಸೆನ್ಸರ್ ಯಾವ ಬಗೆ, ಸಿಸಿಡಿನಾ, ಸಿಐಎಸ್ಸಾ? ಕಾರ್ಡ್ ಬರಿಗಾಜಿನ ಮೇಲಿತ್ತಾ?

ಡೆಕ್‌ರಾಯ: ಯಾವ ಸ್ಕ್ಯಾನರ್ ಆದ್ರೇನು? 4800ರಲ್ಲಿ ಕಾಣದ್ದು ಇಲ್ಲವೇ ಇಲ್ಲ. ಇಂಕ್‌ಜೆಟ್ಟೇ.

ಬಿಳಿಅಂಚು: ಸಿಐಎಸ್. ಕಾರ್ಡ್ ಟಾಪ್‌ಲೋಡರ್‌ನಲ್ಲೇ (ಗಟ್ಟಿ ಪ್ಲಾಸ್ಟಿಕ್ ಹೊದಿಕೆ) ಇದೆ. ತೆಗೆದ್ರೆ ಮೂಲೆ ಹಾಳಾಗಲ್ವಾ?

ರೋಸೆಟ್: ಇದನ್ನ ಮೊದಲೇ ಹೇಳ್ಬೇಕಿತ್ತು. ಸಿಐಎಸ್ ಗಾಜಿಗೆ ತಾಗಿದ್ದನ್ನಷ್ಟೇ ಚೂಪಾಗಿ ಹಿಡಿಯುತ್ತೆ. ಆ ಪ್ಲಾಸ್ಟಿಕ್ ದಪ್ಪಕ್ಕೇ ಮಬ್ಬು. ಉಂಗುರ ಪ್ಲಾಸ್ಟಿಕ್ ಗಾಜಿಗೆ ಒತ್ತಿಕೊಂಡಿದ್ದರಿಂದ. ಗಾಜು ಒರೆಸಿ, ಹೊದಿಕೆ ಇಲ್ಲದೆ ಬರೀ ಕಾರ್ಡನ್ನ ಅದರ ಮೇಲಿಡಿ. ಗಾಜಿನ ಮೇಲಿಂದ ತೆಗೆಯುವಾಗ ಜಾರಿಸ್ಬೇಡಿ, ಅಂಚು ಹಿಡಿದು ನೇರ ಮೇಲೆತ್ತಿ. ಶಾರ್ಪನಿಂಗ್, ಧೂಳು ತೆಗೆಯೋದು, ಡೀಸ್ಕ್ರೀನ್ ಮೂರೂ ಆಫ್ ಇರಲಿ. ಡೀಸ್ಕ್ರೀನ್ ಕೆಲಸವೇ ಮುದ್ರಣದ ಚುಕ್ಕೆ ಅಳಿಸೋದು! 2400 ಡಿಪಿಐ, 24 ಬಿಟ್, ಟಿಫ್. 63×88 ಮಿ.ಮೀ. ಪೂರ್ತಿ ಹಿಡಿದ್ರೆ ಸುಮಾರು 150 ಎಂಬಿ. ಕಾರ್ಡ್ ಮೇಲೆ ಅಚ್ಚಾದ ನಿಯಮದ ಸಾಲುಗಳು, ಹಿಂಬದಿಯ ಹಸಿರು ಬಿಂದು ಇಷ್ಟನ್ನೇ ಹಿಡಿದ್ರೂ ಸಾಕು. ಅಸಲಿನಲ್ಲಿ ಅಕ್ಷರ ಒಂದೇ ಗಟ್ಟಿ ಕಪ್ಪು ಶಾಯಿ. ಸ್ಕ್ಯಾನ್‌ನಿಂದ ತೆಗೆದ ನಕಲಿನಲ್ಲಿ ಅಕ್ಷರವೂ ಬಣ್ಣದ ಚುಕ್ಕೆಗಳಾಗಿ ಒಡೆದು, ಅಂಚು ಗರಗಸದ ಹಾಗಿರುತ್ತೆ. ಹಸಿರು ಬಿಂದುವಿನೊಳಗೆ ನಾಲ್ಕು ಕೆಂಪು ಚುಕ್ಕೆ ಎಲ್ ಆಕಾರದಲ್ಲಿ ಇರ್ಬೇಕು.

ಲೂಪ್30: ಇಷ್ಟೆಲ್ಲ ಯಾಕೆ? 30 ಪಟ್ಟಿನ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ನೋಡಿದ್ರೆ ಒಂದು ನಿಮಿಷದ ಕೆಲಸ.

ಡೆಕ್‌ರಾಯ: ಲೂಪ್‌ನಲ್ಲಿ ಕಂಡದ್ದನ್ನ ಮಾರಿದವರಿಗೆ ತೋರಿಸೋದು ಹೇಗೆ? ನನ್ನ ಹತ್ರ ಎಪ್ಸನ್ ವಿ600 ಸ್ಕ್ಯಾನರ್, ಪಕ್ಕದಲ್ಲಿ ಸ್ಟ್ಯಾಂಡ್ ಸಮೇತ ಯುಎಸ್‌ಬಿ ಮೈಕ್ರೋಸ್ಕೋಪ್. ಸ್ಕ್ಯಾನರ್ ಸಿಸಿಡಿ ಆದ್ದರಿಂದ ಸ್ಲೀವ್ (ತೆಳು ಪ್ಲಾಸ್ಟಿಕ್ ಕವರ್) ಮೇಲಿಂದಲೂ ಚುಕ್ಕೆ ಎಣಿಸ್ಬಹುದು.

ಲೂಪ್30: ಆಗ ಸ್ಕ್ಯಾನರ್ ಯಾವುದಾದ್ರೇನು ಅಂದವರು ನೀವೇ ಅಲ್ವಾ?

ಬಿಳಿಅಂಚು: ಬರಿಗಾಜಿನ ಮೇಲಿಟ್ಟೆ. ರೋಸೆಟ್ ಬಂತು! ಅಕ್ಷರ ಗಟ್ಟಿ ಕಪ್ಪು. ಆದ್ರೆ ಹಸಿರು ಬಿಂದುವಿನಲ್ಲಿ ಕೆಂಪು ಮೂರೇ ಕಾಣ್ತಿದೆ, ನಾಲ್ಕನೆಯ ಜಾಗದಲ್ಲಿ ಕಂದು ಮಸುಕು. ಜೆಪೆಗ್ ಹಾಕಿದ್ದೀನಿ ನೋಡಿ.

ಡೆಕ್‌ರಾಯ: ಮೂರು ಅಂದ್ರೆ ನಕಲಿನೇ.

ರೋಸೆಟ್: ಜೆಪೆಗ್ ನೋಡಿ ತೀರ್ಮಾನ ಬೇಡ. ಅದು ಬಣ್ಣದ ವಿವರವನ್ನೇ ಮೊದಲು ಕತ್ತರಿಸೋದು, ಸಣ್ಣ ಕೆಂಪು ಚುಕ್ಕೆ ಪಕ್ಕದ ಹಸಿರಿನಲ್ಲಿ ಕರಗಿಹೋಗುತ್ತೆ. ಟಿಫ್ ತುಣುಕು ಹಾಕಿ. ಅಸಲಿ ಅಂತ ಖಾತ್ರಿ ಇರೋ ರಿವೈಸ್ಡ್‌ನ ಅಗ್ಗದ ಕಾರ್ಡ್ ಒಂದನ್ನ ಪಕ್ಕದಲ್ಲಿ ಅದೇ ದಿಕ್ಕಿಗೆ ಇಟ್ಟು, ಎರಡನ್ನೂ ಒಂದೇ ಸಲ ಸ್ಕ್ಯಾನ್ ಮಾಡಿ.