ಪದ ಬೇಕು: ಕಡತಗಳ ಇಂಟೆಗ್ರಿಟಿ ಚೆಕ್

ಪ್ರಶ್ನೆ: ಕಲಬುರಗಿಯ ಕಚೇರಿಯೊಂದರಲ್ಲಿ ಸ್ಕ್ಯಾನ್ ಮಾಡಿಟ್ಟ ಹಳೆಯ ಕಾಗದಪತ್ರಗಳ ಸರ್ವರ್ ನೋಡಿಕೊಳ್ಳುತ್ತೇನೆ. ಪ್ರತಿ ರಾತ್ರಿ 2 ಗಂಟೆಗೆ ಮೂವತ್ತರಲ್ಲಿ ಒಂದು ಪಾಲು ಕಡತಗಳ ಚೆಕ್‌ಸಮ್ (ಕಡತದೊಳಗಿನದೆಲ್ಲವನ್ನೂ ಲೆಕ್ಕ ಹಾಕಿ ತೆಗೆಯುವ ಗುರುತಿನ ಸಂಖ್ಯೆ) ಲೆಕ್ಕ ಹಾಕಿ, ಮೊದಲು ಬರೆದಿಟ್ಟದ್ದರೊಂದಿಗೆ ಹೋಲಿಸುವ ಏರ್ಪಾಡು ಇದೆ. ತಿಂಗಳಿಗೆ ಒಂದು ಸುತ್ತು ಮುಗಿಯುತ್ತದೆ. ಇಂಗ್ಲಿಷಿನ ‘ಇನ್‌ಕ್ರಿಮೆಂಟಲ್ ಇಂಟೆಗ್ರಿಟಿ ಚೆಕ್’ಗೆ ಪರದೆಯ ಮೇಲೆ ‘ಹೆಚ್ಚಳ ಸಮಗ್ರತಾ ಪರಿಶೀಲನೆ’ ಎಂದು ಬರೆದಿದ್ದೇನೆ. ಸಿಬ್ಬಂದಿಗೆ ಅರ್ಥವಾಗುತ್ತಿಲ್ಲ. ‘ತಪಾಸಣೆ’ ಆಗಬಹುದೇ? ಸೋಮವಾರದೊಳಗೆ ಬೇಕು.

ಉತ್ತರ 1: ‘ತಪಾಸಣೆ’ ಬೇಡ, ಅದು ಮರಾಠಿಯದು. ‘ಹಂತಹಂತದ ಅಖಂಡತಾ ಪರೀಕ್ಷೆ’ ಎನ್ನಿ.

ಉತ್ತರ 2: ಯಾವುದೂ ಬೇಡ. ‘ಸಮಗ್ರ ಪರಿಶೀಲನೆ’ ಎಂದರೆ ಒಂದನ್ನೂ ಬಿಡದೆ ನೋಡುವುದು. ನಿಮ್ಮ ಯಂತ್ರ ರಾತ್ರಿ ನೋಡುವುದು ಒಂದು ಪಾಲನ್ನು. ‘ತಾ’ ಸೇರಿಸಿದ ಮಾತ್ರಕ್ಕೆ ಓದುಗರು ಬೇರೆ ಅರ್ಥ ಮಾಡಿಕೊಳ್ಳುವುದಿಲ್ಲ. ‘ಹೆಚ್ಚಳ’ ಇನ್ನೂ ತಪ್ಪು. ಇನ್‌ಕ್ರಿಮೆಂಟಲ್ ಬ್ಯಾಕಪ್‌ನಲ್ಲಾದರೆ ಹೊಸದಾಗಿ ಸೇರಿದ್ದನ್ನು, ತಿದ್ದಿದ್ದನ್ನು ಮಾತ್ರ ನಕಲು ಮಾಡುತ್ತಾರೆ, ಅಲ್ಲಿ ಆ ಪದ ಹೇಗೋ ಹೊಂದೀತು. ಇಲ್ಲಿ ಹುಡುಕುತ್ತಿರುವುದು ಯಾರೂ ಮುಟ್ಟದೆ ಡಿಸ್ಕಿನಲ್ಲೇ ಕೆಟ್ಟುಹೋದ ಕಡತವನ್ನು. ಅದರ ಮೇಲೆ ಹಳೆಯ ದಿನಾಂಕವೇ ಇರುತ್ತದೆ. ತಿದ್ದಿದ್ದನ್ನಷ್ಟೇ ನೋಡಿದರೆ ಅದು ಎಂದೂ ಸಿಕ್ಕುವುದಿಲ್ಲ.

‘ಕಂತಿನ ತಾಳೆ’ ಎಂದು ಬರೆಯಿರಿ. ಸಾಲವನ್ನು ಕಂತಿನಲ್ಲಿ ತೀರಿಸುವಂತೆ ಕಡತಗಳನ್ನು ಕಂತಿನಲ್ಲಿ ನೋಡಿ ಮುಗಿಸುತ್ತೀರಿ. ತಾಳೆ ಅಂಗಡಿಯ ಲೆಕ್ಕದ ಮಾತು. ಲೆಕ್ಕ ತಾಳೆಯಾಗದಿದ್ದರೆ ತಪ್ಪಿದೆ ಎಂದಷ್ಟೇ ಗೊತ್ತಾಗುತ್ತದೆ, ಎಲ್ಲಿ ಎಂದು ಗೊತ್ತಾಗುವುದಿಲ್ಲ. ಒಂದು ಕಡತದ ಬಗ್ಗೆ ಚೆಕ್‌ಸಮ್ ಹೇಳುವುದೂ ಅಷ್ಟನ್ನೇ.

ಇನ್ನು ಮರಾಠಿಯ ಮಾತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯ ಕಚೇರಿಗಳಲ್ಲಿ ಉರ್ದು ನಡೆಯುತ್ತಿತ್ತು. ನಮ್ಮ ಹಿರಿಯರು ಹೊಲದ ಕಾಗದ ಹಿಡಿದು ಅಲೆದದ್ದು ತಹಶೀಲು, ದಫ್ತರ, ಜಮಾಬಂದಿ ಎಂಬ ಮಾತುಗಳ ನಡುವೆ. ದಫ್ತರ ನಮಗೆ ಪಾರಸಿಯಿಂದ ಬಂತು, ಪಾರಸಿಗೆ ಗ್ರೀಕಿನಿಂದ. ಅಂಥವನ್ನು ಹೊರಗಟ್ಟಿ ‘ಅಖಂಡತಾ’ ತಂದು ಕೂರಿಸಿದರೆ ಸಂಸ್ಕೃತ ಬಂತೇ ಹೊರತು ಕನ್ನಡ ಬರಲಿಲ್ಲ. ಈ ವಾದ ಕೇಳಿ ಕೇಳಿ ನನಗೆ ಬೇಸರವಾಗಿದೆ. ತಪಾಸಣೆಯನ್ನು ನಾನು ಬಿಡುವುದು ಅದರಲ್ಲಿ ಹೋಲಿಸಿ ನೋಡುವ ಅರ್ಥವಿಲ್ಲವೆಂದು. ಅದರ ಊರು ಯಾವುದೆಂದು ನೋಡಿ ಅಲ್ಲ.

ಉತ್ತರ 1: ಗ್ರೀಕಿನವರೆಗೆ ಹೋಗುವ ಅಗತ್ಯವಿರಲಿಲ್ಲ. ‘ಪರೀಕ್ಷೆ’ಯನ್ನಾದರೂ ಉಳಿಸಿಕೊಳ್ಳಿ.

ಕೇಳಿದವರಿಂದ: ದೋಷ ಕಂಡಾಗ ‘ತಾಳೆಯಾಗಿಲ್ಲ’ ಎಂದು ತೋರಿಸಿದೆ. ಗುಮಾಸ್ತರು ಕೂಡಲೇ ‘ಯಾವ ಕಡತ?’ ಎಂದು ಕೇಳಿದರು. ಅದನ್ನೇ ಇಟ್ಟುಕೊಳ್ಳುತ್ತೇನೆ.