ಕಿವಿಯನ್ನು ಮರೆಯಬೇಡ ಮಗಳೇ

ಹತ್ತು ತಿಂಗಳ ಮಗು, ಸೀಳಂಗುಳವಿದೆಯಂತೆ, ಅಂದರೆ ಬಾಯಿಯೊಳಗಿನ ಮೇಲ್ಭಾಗ ಹುಟ್ಟಿನಿಂದಲೇ ಸೀಳಿದೆಯಂತೆ, ದತ್ತು ತೆಗೆದುಕೊಳ್ಳಲು ಒಪ್ಪೋಣವೇ ದೊಡ್ಡಮ್ಮ, ಭಯವಾಗುತ್ತಿದೆ ಎಂದು ಕೇಳಿದ್ದೀಯಲ್ಲ, ಅದಕ್ಕೇ ಹೇಳುತ್ತಿದ್ದೇನೆ, ಕೊನೆಯವರೆಗೂ ಕೇಳು. ನಮ್ಮ ಪುಟ್ಟಿ ಮನೆಗೆ ಬಂದ ದಿನ ನೀವೆಲ್ಲ ಇದ್ದಿರಿ, ಮೊದಲಿನಿಂದ ಹೇಳಬೇಕಾಗಿಲ್ಲ. ಅವಳಿಗೂ ಇದೇ ಇತ್ತು. ನಮ್ಮ ಗಮನವೆಲ್ಲ ಬಾಯಿಯ ಮೇಲೆ. ಶಸ್ತ್ರಚಿಕಿತ್ಸೆಯಾಯಿತು, ಹೊಲಿಗೆ ಮಾಯಿತು, ಸದ್ಯ ಗೆದ್ದೆವು ಎಂದು ಉಸಿರು ಬಿಟ್ಟೆವು. ಕಿವಿಯ ಮಾತನ್ನು ಯಾರೂ ಎತ್ತಲಿಲ್ಲ.

ಬಾಗಿಲು ಧಡಾರೆಂದರೆ ತಿರುಗಿ ನೋಡುತ್ತಿದ್ದಳು, ಹಾಗಾಗಿ ಕಿವಿ ಚೆನ್ನಾಗಿದೆ ಎಂದೇ ನಂಬಿದ್ದೆವು. ಹಿಂದಿನಿಂದ ಮೆಲ್ಲಗೆ ಕರೆದರೆ ಮಾತ್ರ ಓಗೊಡುತ್ತಿರಲಿಲ್ಲ. ಹಟಮಾರಿ ಎಂದು ಗದರಿದ್ದೇನೆ, ಒಂದೆರಡು ಸಲವಲ್ಲ. ರಾತ್ರಿ ನಾನು ಹಾಡು ಹೇಳುವಾಗ ಅಂಗೈಯನ್ನು ನನ್ನ ಗಂಟಲಿಗೆ ಒತ್ತಿ ಮಲಗುತ್ತಿದ್ದಳು. ಮುದ್ದಿಗೆ ಎಂದುಕೊಂಡಿದ್ದೆ. ನಾಲ್ಕು ವರ್ಷವಾದಾಗ ಪರೀಕ್ಷೆ ಮಾಡಿಸಿದರೆ, ಎರಡೂ ಕಿವಿಗಳ ತಮಟೆಯ ಹಿಂದೆ ಅಂಟಿನಂಥ ದ್ರವ ತುಂಬಿತ್ತು. ಮಗು ಕೈಯಿಂದ ಹಾಡು ಕೇಳುತ್ತಿತ್ತು.

ಅಂಗುಳದ ಸ್ನಾಯುಗಳೇ ಕಿವಿಯ ಒಳಗಿನಿಂದ ಮೂಗಿನ ಹಿಂಭಾಗಕ್ಕೆ ಹೋಗುವ ಕೊಳವೆಯನ್ನು ತೆರೆಯುವುದು. ಅಂಗುಳ ಸೀಳಿದ್ದರೆ ಅವು ಸರಿಯಾಗಿ ಎಳೆಯುವುದಿಲ್ಲ, ದ್ರವ ಒಳಗೇ ನಿಲ್ಲುತ್ತದೆ. ಹೊಲಿದ ಮೇಲೂ ನಿಲ್ಲಬಹುದು. ಅದಕ್ಕೇ ಮತ್ತೆ ಹೇಳುತ್ತೇನೆ, ಬಾಯಿ ನೋಡುತ್ತಾ ಕಿವಿಯನ್ನು ಮರೆಯಬೇಡ.

ಇನ್ನೊಂದು ನೋವೂ ಇದೆ. ಆಸ್ಪತ್ರೆಯಲ್ಲಿ ಮಗುವಿಗೆ ಏನಾಗಿದೆ ಎಂದು ಕೇಳುವ ಮೊದಲು ಸ್ವಂತದ್ದೋ ದತ್ತುವೋ ಎಂದು ಕೇಳಿದರು, ಅವಳೆದುರಿಗೇ. ನೆಂಟರಂತೂ ನಿಮಗೆ ಎಂಥ ಪುಣ್ಯ, ಎಷ್ಟು ದೊಡ್ಡ ಮನಸ್ಸು ಎನ್ನುತ್ತಿದ್ದರು. ಹೆತ್ತ ಮಗುವನ್ನು ಆಸ್ಪತ್ರೆಗೆ ಕರೆದೊಯ್ದ ತಾಯಿಗೆ ಯಾರಾದರೂ ಹಾಗೆನ್ನುತ್ತಾರೆಯೇ? ಆ ಮಾತು ಇವತ್ತಿಗೂ ಮುಳ್ಳಿನಂತೆ ಚುಚ್ಚುತ್ತದೆ. ನನ್ನ ಮಗಳು ಯಾರ ಪುಣ್ಯದ ಲೆಕ್ಕಕ್ಕೂ ಬಂದವಳಲ್ಲ.

ಅಯ್ಯೋ, ನೀನು ಕೇಳಿದ್ದನ್ನೇ ಬಿಟ್ಟೆ. ಒಪ್ಪುವ ಮೊದಲು ಮಗುವಿನ ಆರೋಗ್ಯದ ಫೈಲನ್ನು ನಿನಗೆ ನಂಬಿಕೆಯಿರುವ ಮಕ್ಕಳ ವೈದ್ಯರಿಗೆ ತೋರಿಸು. ಹೃದಯ ಪರೀಕ್ಷಿಸಿದ್ದಾರೆಯೇ ಎಂದು ಕೇಳು. ಅಂಗುಳದ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ 9ರಿಂದ 18 ತಿಂಗಳೊಳಗೆ ಮಾಡುತ್ತಾರೆ, ಆದ್ದರಿಂದ ತಡಮಾಡಬೇಡ. ಬೇರಾ ಎಂಬ ಕಿವಿ ಕೇಳಿಸುವ ಪರೀಕ್ಷೆಯನ್ನು ಮಗು ಮಲಗಿರುವಾಗಲೇ ಮಾಡಬಹುದು, ಅದು ಉತ್ತರ ಕೊಡಬೇಕಾಗಿಲ್ಲ. ಮತ್ತೆ, ಈಗ ಅಲ್ಲಿ ನೋಡಿಕೊಳ್ಳುತ್ತಿರುವ ಆಯಾ ಯಾವ ಬಾಟಲಿಯಲ್ಲಿ, ಹೇಗೆ ಹಿಡಿದು ಹಾಲು ಕುಡಿಸುತ್ತಾರೆ ಎಂದು ಕಣ್ಣಾರೆ ನೋಡಿ ಬಾ. ಆ ಬಾಟಲಿಯನ್ನೇ ತಾ. ಬೇರೆಯದರಲ್ಲಿ ಕುಡಿಸಹೋಗಿ ಮೊದಲ ರಾತ್ರಿ ಪುಟ್ಟಿಯ ಮೂಗಿನಲ್ಲೆಲ್ಲ ಹಾಲು ಬಂದಿತ್ತು.